ಮಾಳಿಗೆ ಖೋಲಿಯ ಹುಂಬ

ಕೃಷ್ಣಾಜಿ ಮಾಸ್ತರರು ಪುಣೆಯ ಹೈಸ್ಕೂಲೊಂದರಲ್ಲಿ ನಿವೃತ್ತಿಯವರೆಗೆ ಇಂಗ್ಲಿಷ್ ಕಲಿಸಿದವರು. ಆದರೆ ಇಂಗ್ಲಿಷ್ ಮನೆಮಾತಾಗಿದ್ದ ಒಬ್ಬ ಮನುಷ್ಯನ ಎದುರು ಕೂತು ಅವರು ಯಾವತ್ತೂ ಮಾತಾಡಿರಲಿಲ್ಲ. ಧಾರವಾಡದಲ್ಲಿ ಕಾಲೇಜು ಓದುವಾಗ ಒಬ್ಬ ಬಿಳಿಯ ಪ್ರೊಫೆಸರರಿದ್ದದ್ದು ನಿಜ. ಅವರು ವರಾಂಡದಲ್ಲಿ ಬರುತ್ತಿದ್ದರೆ ಹುಡುಗರು ಗೋಡೆಗೆ ಬೆನ್ನು ಹಚ್ಚಿ ನಿಲ್ಲುತ್ತಿದ್ದರು. ಬಾಯಿ ತೆರೆಯುವ ಪ್ರಶ್ನೆಯೇ ಇರಲಿಲ್ಲ. ಆಮೇಲೆ ದೊರೆಗಳು ದೇಶ ಬಿಟ್ಟು ಹೋದರು. ಮಾಸ್ತರರ ಇಂಗ್ಲಿಷು ಇಸ್ತ್ರಿ ಮಾಡಿ ಟ್ರಂಕಿನಲ್ಲಿಟ್ಟ ಕೋಟಿನ ಹಾಗೆ ಮಡಿಕೆ ಮುರಿಯದೆ ಉಳಿಯಿತು.

ಸದಾಶಿವ ಪೇಠೆಯ ಹಳೆಯ ವಾಡೆಯೊಂದರಲ್ಲಿ ಅವರ ಮನೆ. ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು. ಮಗಳು ಗೋದಾ ಮದುವೆಯಾಗಿ ಸೊಲ್ಲಾಪುರದಲ್ಲಿದ್ದಳು. ಮನೆ ನಡೆಸುತ್ತಿದ್ದವಳು ಅಕ್ಕ ರಂಗೂಬಾಯಿ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದು ತಮ್ಮಂದಿರನ್ನು ಸಾಕಿ ಬೆಳೆಸಿದವಳು ಅವಳು. ಮಾಳಿಗೆಯ ಮೇಲಿನ ಖೋಲಿ ಗೋದಾ ಹೋದಾಗಿನಿಂದ ಖಾಲಿಯೇ ಬಿದ್ದಿತ್ತು.

೧೯೭೯ರ ದಸರೆ ಮುಗಿದ ಮೇಲೆ ಒಂದು ದಿನ, ಅವರಂತೆಯೇ ಮನೆಯಲ್ಲಿ ಕನ್ನಡ ಆಡುವ ಹಳೆಯ ಶಿಷ್ಯ ದಿಗಂಬರ ಬಂದ. ಭೋಸರಿಯ ಒಂದು ಫ್ಯಾಕ್ಟರಿಯಲ್ಲಿ ಅವನಿಗೆ ಆಫೀಸಿನ ಕೆಲಸ.

"ಸರ್, ನಿಮ್ಮ ಮಾಳಿಗಿ ಖೋಲಿ ಖಾಲಿ ಅದ ಅಲ್ರಿ? ನಮ್ಮಲ್ಲೆ ಒಂದು ದೊಡ್ಡ ಪ್ರೆಸ್ ಮಷಿನ್ ಬರ್ಲಿಕ್ಕತ್ತದ. ಅದನ್ನ ಕೂಡಿಸ್ಲಿಕ್ಕೆ ಆಸ್ಟ್ರೇಲಿಯಾದಿಂದ ಒಬ್ಬ ಫಿಟ್ಟರ್ ಬಂದಾನ. ಬ್ಯಾಸಗಿ ತನಕ ಇರ್ತಾನ. ನಿಮ್ಮ ಮನ್ಯಾಗ ಇಟಗೋತೀರೇನ್ರಿ?"

"ಹೋಟೆಲಿನಾಗ ಯಾಕ ಇಡಲಿಲ್ಲ?"

"ಇಟ್ಟಿದ್ವಿರಿ. ಅವಗ ಅಷ್ಟು ಸರಿ ಹೋಗ್ಲಿಲ್ರಿ" ಎಂದು ದಿಗಂಬರ ಕಿಟಕಿಯ ಕಡೆ ನೋಡಿದ. ಆ ಮನುಷ್ಯ ಬನಿಯನ್ ಚಡ್ಡಿಯಲ್ಲೇ ಹೋಟೆಲಿನ ಊಟದ ಹಾಲಿಗೆ ಬಂದದ್ದು, ತಡೆದ ಮ್ಯಾನೇಜರನನ್ನು ಎತ್ತಿ ಪಕ್ಕಕ್ಕಿಟ್ಟು ಹೋಗಿ ಕೂತದ್ದು, ಇದನ್ನೆಲ್ಲ ಅವನು ಹೇಳಲಿಲ್ಲ.

ಒಳಗಿನಿಂದ ರಂಗೂಬಾಯಿ ಮಾತು ಕೇಳಿಸಿಕೊಂಡಳು. "ಮಾಂಸ ತಿನ್ನಾಂವ, ಕುಡಿಯಾಂವ, ಅವನ್ನ ತಂದು ನನ್ನ ತಲಿ ಮ್ಯಾಲೆ ಕೂಡಸ್ತಿ ಏನೋ ಕಿಟ್ಟ್ಯಾ?"

"ಅಕ್ಕಾ, ಇಂಗ್ಲಿಷ್ ಮಾತಾಡಾಂವ!" ಎಂದರು ಮಾಸ್ತರರು. ಅವರ ದನಿಯಲ್ಲಿದ್ದ ಆಸೆ ಕೇಳಿ ಅವಳು ಕಸಬರಿಗೆ ಹಿಡಿದು ಮಾಳಿಗೆ ಹತ್ತಿದಳು.

ಅತಿಥಿ ಬರುವ ದಿನ ಮಾಸ್ತರರು ಕೋಟು ಹಾಕಿ, ಕರಿ ಟೊಪ್ಪಿಗೆ ಇಟ್ಟುಕೊಂಡು ಬಾಗಿಲಲ್ಲಿ ನಿಂತರು. ಏನು ಮಾತಾಡಬೇಕೆಂದು ಮೊದಲೇ ಯೋಚಿಸಿದ್ದರು. ಪ್ರಯಾಣದ ಬಗ್ಗೆ ಒಂದು ಮಾತು, ಹವಾಮಾನದ ಬಗ್ಗೆ ಒಂದು, ಆಮೇಲೆ ನಿಧಾನಕ್ಕೆ ಕಾವ್ಯದ ಕಡೆ ಹೊರಳುವುದು. ಫ್ಯಾಕ್ಟರಿಯ ಜೀಪು ಓಣಿಯಲ್ಲಿ ನಿಂತಿತು. ಅದರಿಂದ ಬಾಗಿಲಿನಷ್ಟು ಎತ್ತರದ, ಬಿಸಿಲಿಗೆ ಇಟ್ಟಿಗೆಯ ಹಾಗೆ ಕೆಂಪಾದ ಒಬ್ಬ ಮನುಷ್ಯ ಕೆಳಗೆ ಜಿಗಿದ. ತೋಳಿಲ್ಲದ ಬನಿಯನ್, ತೊಡೆ ಕಾಣುವ ಖಾಕಿ ಚಡ್ಡಿ, ಕಾಲಲ್ಲಿ ರಬ್ಬರ್ ಚಪ್ಪಲಿ. ಮಾಸ್ತರರು ಬಾಯಿ ತೆರೆಯುವಷ್ಟರಲ್ಲಿ ಅವನು, "ಗಿಡ್ಡಾಯ್ ಮೈಟ್!" ಎಂದು ಒದರಿ ಅವರ ಹೆಗಲಿಗೆ ಒಂದು ಏಟು ಕೊಟ್ಟ. ಟೊಪ್ಪಿಗೆ ಕಣ್ಣ ಮೇಲೆ ಜಾರಿತು.

ಎದುರಿನ ಕಟ್ಟೆಯ ಮೇಲೆ ಕೂತಿದ್ದ ಮರಾಠಿ ಮುದುಕಿ, "ಕಾಯ ಹೋ ಮಾಸ್ತರ, ಹಾ ಕೋಣ ರಾಂಗಡಾ ಗಡೀ?" ಎಂದು ನಕ್ಕಳು. ಈ ಒರಟ ಗಂಡು ಯಾರು ಎಂದು ಅವಳ ಕೇಳಿಕೆ.

ಒಳಗೆ ಬಂದಾಗ ರಂಗೂಬಾಯಿ ಕೇಳಿದಳು. "ಬಂದ ಕೂಡ್ಲೆ ನಿನಗ ಗಿಡ್ಡ ಅಂದ್ನಲ್ಲೋ?"

"ಗಿಡ್ಡ ಅಲ್ಲ ಅಕ್ಕಾ. ಗುಡ್ ಡೇ ಅಂದ. ಅಂದಿರಬೇಕು" ಎಂದರು ಮಾಸ್ತರರು, ಹೆಗಲು ತಿಕ್ಕಿಕೊಳ್ಳುತ್ತ.

ಅವನ ಹೆಸರು ಮರ್ವಿನ್ ಟಲ್ಲಿ. "ಮರ್ವ್ ಅಂತ ಕರೀರಿ ಸಾಕು" ಎಂದ. ಮೊದಲ ದಿನ ಮಾಸ್ತರರಿಗೆ ಅವನು ಆಡಿದ್ದರಲ್ಲಿ ಆ ಹೆಸರೊಂದು ಬಿಟ್ಟು ಬೇರೇನೂ ತಿಳಿಯಲಿಲ್ಲ. ಅವನು ಅರ್ಧ ಮಾತು ನುಂಗುತ್ತಿದ್ದ, ಉಳಿದರ್ಧ ಮೂಗಿನಿಂದ ಬಿಡುತ್ತಿದ್ದ. ಆಮೇಲೆ ತಿಳಿದ ಅಲ್ಪಸ್ವಲ್ಪದಲ್ಲೂ ವಾಕ್ಯಕ್ಕೊಂದು ಎಂಬಂತೆ, ಮಾಸ್ತರರು ಕ್ಲಾಸಿನಲ್ಲಿ ಯಾವ ಹುಡುಗನ ಬಾಯಿಂದ ಬಂದಿದ್ದರೂ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದಂಥ ಶಬ್ದ ಇರುತ್ತಿತ್ತು. ಕಾವ್ಯದ ಸುದ್ದಿ ಎತ್ತಿದಾಗ ಮರ್ವ್ ಗಂಭೀರವಾಗಿ ಕೇಳಿಸಿಕೊಂಡ. ಆಮೇಲೆ ತನಗೆ ಗೊತ್ತಿದ್ದ ಒಂದು ಪದ್ಯ ಹೇಳಿದ. ಅದು ಒಬ್ಬ ಕುರಿಗಾಹಿ ಮತ್ತು ಅವನ ಪ್ಯಾಂಟಿನೊಳಗೆ ಹೊಕ್ಕ ಇರುವೆಗಳ ಕುರಿತದ್ದಾಗಿತ್ತು.

ಮಾಸ್ತರರಿಗೆ ಆದ ನಿರಾಶೆ ಸಣ್ಣದಲ್ಲ. ಒಂದು ವಾರ ಅವರು ಸಂಜೆಯ ವಾಯುವಿಹಾರವನ್ನು ಬೇಕೆಂದೇ ಉದ್ದ ಮಾಡಿದರು.

ಆದರೆ ರಂಗೂಬಾಯಿಗೂ ಅವನಿಗೂ ಯಾವ ತೊಡಕೂ ಆಗಲಿಲ್ಲ. ಅವಳಿಗೆ ಇಂಗ್ಲಿಷಿನ ಒಂದಕ್ಷರ ಬಾರದು, ಅವನಿಗೆ ಕನ್ನಡ ಬಾರದು. ಬೆಳಿಗ್ಗೆ ನಳದಲ್ಲಿ ನೀರು ಬಂದಾಗ ಅವನು ಕೆಳಗಿಳಿದು ಎರಡು ಕೈಯಲ್ಲಿ ಎರಡು ಕೊಡ ಎತ್ತಿಕೊಂಡು ಬರುತ್ತಿದ್ದ. ಮೊದಮೊದಲು ಅವಳು ಅವನು ಮುಟ್ಟಿದ ಕೊಡಗಳನ್ನು ಹುಣಸೆಹಣ್ಣು ಹಚ್ಚಿ ಮತ್ತೆ ತಿಕ್ಕುತ್ತಿದ್ದಳು. ಯಾವತ್ತು ಅದನ್ನು ನಿಲ್ಲಿಸಿದಳೋ ಯಾರಿಗೂ ಹೇಳಲಿಲ್ಲ. ಅವನ ತಾಟು ಮೊದಲು ಮಾಳಿಗೆಗೆ ಹೋಗುತ್ತಿತ್ತು, ಆಮೇಲೆ ಪಡಸಾಲೆಗೆ ಬಂತು, ದೀಪಾವಳಿಯ ಹೊತ್ತಿಗೆ ಅಡಿಗೆಮನೆಯ ಹೊಸ್ತಿಲಿಗೇ ಬಂದು ಕೂತಿತು. ಅವಳ ಕೆಂಪು ಮೆಣಸಿನಕಾಯಿಯ ರಂಜಕ ತಿಂದು ಅವನಿಗೆ ಕಣ್ಣು ಮೂಗು ಒಟ್ಟಿಗೆ ಹರಿದವು. ನೆಲಕ್ಕೆ ಗುದ್ದಿದ, ನೀರು ಕುಡಿದ, ಮತ್ತೆ ತಾಟು ಮುಂದೆ ಚಾಚಿದ.

"ಏ ಮರವ್ಯಾ, ಸಾಕೋ, ಹೊಟ್ಟಿ ಉರೀತದ" ಎಂದಳು ಅವಳು.

"ಸಾಕೋ!" ಎಂದು ಅವನೂ ಕೂಗಿ ಇನ್ನಷ್ಟು ಬಡಿಸಿಕೊಂಡ. ಹಾಗೆಂದರೆ ಇನ್ನೂ ಹಾಕು ಎಂಬ ಅರ್ಥವಿರಬೇಕೆಂದು ಅವನು ಬಹಳ ದಿನ ತಿಳಿದಿದ್ದ.

ಫ್ಯಾಕ್ಟರಿಯ ಕ್ಯಾಂಟೀನ್ ಊಟ ಅವನಿಗೆ ಒಗ್ಗಲಿಲ್ಲ. ಹೀಗಾಗಿ ರಂಗೂಬಾಯಿಯೇ ದಿನಾ ಬೆಳಿಗ್ಗೆ ಜೋಳದ ಭಕ್ಕರಿ, ಝುಣಕ, ರಂಜಕ, ಶೇಂಗಾ ಹಿಂಡಿ ಡಬ್ಬಿಗೆ ಕಟ್ಟಿ ಕೊಡತೊಡಗಿದಳು. ಅವನು ಎಲ್ಲಿಂದಲೋ ಒಂದು ಹಳೆಯ ಬುಲೆಟ್ ಗಾಡಿ ಎರವಲು ತಂದಿದ್ದ. ಅದರ ಹ್ಯಾಂಡಲ್ಲಿಗೆ ಡಬ್ಬಿ ತೂಗುಹಾಕಿಕೊಂಡು, ಇಡೀ ಓಣಿಗೆ ಕೇಳುವಂತೆ ಸಿಳ್ಳು ಹಾಕುತ್ತ ಭೋಸರಿಗೆ ಹೋಗುತ್ತಿದ್ದ.

ಡಿಸೆಂಬರಿನ ಒಂದು ಭಾನುವಾರ, ಮರ್ವ್ ಹೊರಗೆ ಹೋಗಿದ್ದಾಗ, ಅವನ ಕಂಪನಿಯ ಎಂಜಿನಿಯರ್ ಪ್ರೆಂಟಿಸ್ ಸಾಹೇಬರು ಮನೆಗೆ ಬಂದರು. ಅವರೂ ಆಸ್ಟ್ರೇಲಿಯಾದವರೇ. ಬಿಳಿ ಶರ್ಟು, ಟೈ, ತಣ್ಣನೆಯ ನಗು. ಅವರು ಬಾಯಿ ತೆರೆದದ್ದೇ ತಡ, ಮಾಸ್ತರರ ಜೀವ ಹಗುರಾಯಿತು. ಒಂದೊಂದು ಅಕ್ಷರವೂ ಅದರದರ ಜಾಗದಲ್ಲಿ ಕೂತಿತ್ತು. ಇಬ್ಬರೂ ಹವಾಮಾನ ಮಾತಾಡಿದರು, ಕ್ರಿಕೆಟ್ ಮಾತಾಡಿದರು, ಹಳೆಯ ಪುಸ್ತಕಗಳ ಮಾತಾಡಿದರು. ಮಾಸ್ತರರು ಟ್ರಂಕಿನಲ್ಲಿಟ್ಟ ಕೋಟನ್ನು ಕೊನೆಗೂ ತೊಟ್ಟವರ ಹಾಗೆ ನೆಟ್ಟಗೆ ಕೂತಿದ್ದರು.

ಚಹಾ ಮುಗಿದ ಮೇಲೆ ಪ್ರೆಂಟಿಸ್ ದನಿ ತಗ್ಗಿಸಿದರು. "ನಾನು ಬಂದದ್ದು ಟಲ್ಲಿಯ ವಿಷಯಕ್ಕೆ. ನಿಮಗೆ ತೊಂದರೆಯಾಗುತ್ತಿರಬೇಕು. ಅವನು ಕೆಲಸದಲ್ಲಿ ಒಳ್ಳೆಯವನೇ. ಆದರೆ, ಏನು ಹೇಳಲಿ, ಅವನೊಬ್ಬ ಆಕರ್."

"ಆಕರ್?" ಮಾಸ್ತರರಿಗೆ ಆ ಶಬ್ದ ಹೊಸದು.

"ನಮ್ಮ ಕಡೆಯ ಮಾತು. ಒರಟರು, ನಯವಿಲ್ಲದವರು, ಗದ್ದಲದವರು. ಅಂಥವರನ್ನು ನಾವು ನಮ್ಮ ಮನೆಯ ಊಟಕ್ಕೆ ಕರೆಯುವುದಿಲ್ಲ. ನಿಮ್ಮಂಥ ಸುಸಂಸ್ಕೃತರ ಮನೆಯಲ್ಲಿ ಅವನನ್ನು ಇಟ್ಟದ್ದು ನನಗೆ ನಾಚಿಕೆಯ ವಿಷಯ. ನೀವು ಹೂಂ ಎಂದರೆ ಬೇರೆ ಕಡೆ ವ್ಯವಸ್ಥೆ ಮಾಡುತ್ತೇನೆ."

ಮರ್ವ್ ಬಂದ ಮೊದಲ ವಾರವಾಗಿದ್ದರೆ ಮಾಸ್ತರರು ತಕ್ಷಣ ಹೂಂ ಎನ್ನುತ್ತಿದ್ದರು. ಈಗ ಅವರ ಬಾಯಿಂದ ಬಂದ ಮಾತು ಅವರಿಗೇ ಆಶ್ಚರ್ಯ ಹುಟ್ಟಿಸಿತು. "ಬೇಡ, ಇರಲಿ. ಒರಟ ನಿಜ, ಆದರೆ ಕಪಟವಿಲ್ಲದ ಮನುಷ್ಯ. ಮನೆಯವನೇ ಆಗಿಬಿಟ್ಟಿದ್ದಾನೆ."

ಪ್ರೆಂಟಿಸ್ ಹುಬ್ಬೇರಿಸಿ, ಸಭ್ಯವಾಗಿ ಕೈಕುಲುಕಿ ಹೊರಟುಹೋದರು.

ರಂಗೂಬಾಯಿ ಮೊರ ಹಿಡಿದು ಶೇಂಗಾ ಹಸನು ಮಾಡುತ್ತ ಬಾಗಿಲ ಹಿಂದೆಯೇ ಕೂತಿದ್ದಳು. "ಮರವ್ಯಾಗ ಅಂವ ಏನೋ ಅಕ್ಕರಿ ಅಂದಂಗಾತು?"

"ಅಕ್ಕರಿ ಅಲ್ಲ ಅಕ್ಕಾ, ಆಕರ್. ಹುಂಬ ಅಂದ್ಹಂಗ. ಬ್ಯಾರೆ ಕಡೆ ಇಡ್ಲೇನು ಅಂತ ಕೇಳಿದ."

"ನೀ ಏನಂದಿ?"

"ಹುಂಬ ಇದ್ದರೂ ಮನಸ್ಸು ಸ್ವಚ್ಛ ಅದ, ಇರ್ಲಿ ಅಂದೆ."

ಅವಳ ಕೈ ನಿಂತಿತು. ಮೊರವನ್ನು ಕೆಳಗಿಟ್ಟಳು. "ಇದೇ ಮಾತು ಪಂಢರಿ ಬಗ್ಗೆ ಎಷ್ಟು ವರ್ಷದಿಂದ ಹೇಳ್ಲಿಕ್ಕತ್ತೀನಿ ನಾ? ಗೋರಾ ಹುಂಬಗ ನನ್ನ ಅಡಿಗಿಮನಿ ಹೊಸ್ತಿಲಾ ತನಕ ಜಾಗಾ ಅದ. ನಮ್ಮವ್ವನ ಹೊಟ್ಟ್ಯಾಗ ಹುಟ್ಟಿದ ಹುಂಬಗ ಓಣಿಗೆ ಬರ್ಲಿಕ್ಕೂ ಹಾದಿ ಇಲ್ಲ."

ಮಾಸ್ತರರು ಕೋಟು ಬಿಚ್ಚಿ ಗೂಟಕ್ಕೆ ತೂಗುಹಾಕಿದರು.

ಪಂಢರಿನಾಥ ಅವರಿಬ್ಬರ ಕಿರಿಯ ತಮ್ಮ. ಶಾಲೆ ಬಿಟ್ಟು ಓಡಿಹೋಗಿ ಲಾರಿಯ ಕ್ಲೀನರ್ ಆದ, ಡ್ರೈವರ್ ಆದ, ಕಡೆಗೆ ಸ್ವಂತ ಲಾರಿ ಮಾಡಿ ಯೆರವಡಾದಲ್ಲಿ ಸಂಸಾರ ಹೂಡಿದ. ಬಾಯಲ್ಲಿ ಸದಾ ತಂಬಾಕು. ಅವನು ನಕ್ಕರೆ ಮೂರನೆಯ ಮನೆಗೆ ಕೇಳುತ್ತಿತ್ತು. ಗೋದಾಳ ಮದುವೆಗೆ ಅವನು ದಾರಿಯಿಂದ ನೇರವಾಗಿ, ಗ್ರೀಸು ಹತ್ತಿದ ಖಾಕಿ ಬಟ್ಟೆಯಲ್ಲೇ ಬಂದ. ಪಂಕ್ತಿಯಲ್ಲಿ ಕೂತಿದ್ದ ಬೀಗರು ರಿಟೈರ್ಡ್ ಜಡ್ಜ್‌. ಅವರ ಬೆನ್ನಿಗೆ ಗುದ್ದಿ, "ಏನ್ ಬೀಗರ, ಹೊಟ್ಟಿ ನೋಡಿದ್ರ ನಿಮ್ಮದು ಎರಡನೇ ಪಂಕ್ತಿ ಅನಸ್ತದಲ್ರಿ!" ಎಂದುಬಿಟ್ಟ. ಬೀಗರು ಎಲೆ ಬಿಟ್ಟು ಎದ್ದರು. ಅವರನ್ನು ಮತ್ತೆ ಕೂಡಿಸುವಷ್ಟರಲ್ಲಿ ಮಾಸ್ತರರಿಗೆ ಸಾಕುಬೇಕಾಯಿತು. ಆಮೇಲೆ ಅವರು ತಮ್ಮನನ್ನು ಮೂಲೆಗೆ ಕರೆದು, ಸುತ್ತಲಿನವರಿಗೆ ತಿಳಿಯಬಾರದೆಂದು ಇಂಗ್ಲಿಷಿನಲ್ಲಿ ನಾಲ್ಕು ಮಾತಾಡಿದರು. ತಮ್ಮನ ಜೊತೆ ಅವರು ಇಂಗ್ಲಿಷ್ ಮಾತಾಡಿದ್ದು ಅದೊಂದೇ ಸಲ. ಪಂಢರಿ ಅಣ್ಣನ ಮುಖವನ್ನೇ ನೋಡುತ್ತ ನಿಂತಿದ್ದು, ಕೈಯಲ್ಲಿದ್ದ ಅಕ್ಷತೆಯ ಅಕ್ಕಿಕಾಳನ್ನು ಹತ್ತಿರದ ಹುಡುಗಿಯೊಬ್ಬಳ ಕೈಗೆ ಸುರಿದು ಹೊರಟುಹೋದ. ಮತ್ತೆ ಆ ಮನೆಗೆ ಬರಲಿಲ್ಲ.

ಆ ಸಂಜೆ ಮರ್ವ್ ಬಂದಾಗ ಮಾಸ್ತರರು ಮೆಟ್ಟಿಲ ಮೇಲೆ ಕೂತಿದ್ದರು. ಅವನ ಮಾತು ಅವರಿಗೆ ಈಗ ಮುಕ್ಕಾಲು ಪಾಲು ತಿಳಿಯುತ್ತಿತ್ತು. ಪಕ್ಕದಲ್ಲಿ ಕೂಡಲು ಹೇಳಿ, ಆಕರ್ ಎಂದರೆ ಏನು ಎಂದು ಕೇಳಿದರು.

ಮರ್ವ್ ಹೊಟ್ಟೆ ಹಿಡಿದು ನಕ್ಕ. "ಪ್ರೆಂಟಿಸ್ ಬಂದಿದ್ದನಾ? ನಾನೇ ಆಕರ್, ಮಾಸ್ತರ್. ಬನಿಯನ್ ಮೇಲೆ ಊಟಕ್ಕೆ ಕೂರೋದು, ದೊಡ್ಡ ಬಾಯಿ, ಬಿಯರು, ಯಾರ ಮುಂದೂ ಬೆನ್ನು ಬಗ್ಗಿಸದೇ ಇರೋದು. ಅದಕ್ಕಿಂತ ಕೆಟ್ಟವನು ಯಾಬೋ. ಅವನು ಕುಡಿದು ಬಾಟ್ಲಿ ಒಡೀತಾನೆ. ಇನ್ನೊಬ್ಬ ಲ್ಯಾರಿಕಿನ್. ಅವನು ಪೊಲೀಸನ ಟೋಪಿ ಕದ್ದು ಕುದುರೆಗೆ ಹಾಕ್ತಾನೆ, ಆದರೆ ಯಾರಿಗೂ ನೋವು ಮಾಡೋಲ್ಲ. ಲ್ಯಾರಿಕಿನ್ ಅಂದರೆ ಎಲ್ಲರಿಗೂ ಪ್ರೀತಿ."

ಮಾಸ್ತರರೊಳಗಿನ ಮಾಸ್ತರ ಎಚ್ಚರಾದ. ಆಕರ್ ಎಂದರೆ ಹುಂಬ, ಸರಿ. ಯಾಬೋ ಎಂದರೆ ದಾಂಡಿಗ. ಲ್ಯಾರಿಕಿನ್‌ಗೆ ಸ್ವಲ್ಪ ಹೊತ್ತು ಹುಡುಕಿದರು. ಒಳಗಿನಿಂದ ರಂಗೂಬಾಯಿ ಅವರನ್ನು ಊಟಕ್ಕೆ ಕೂಗಿದಾಗ ಶಬ್ದ ಸಿಕ್ಕಿತು: ಉಡಾಳ. ಚಿಕ್ಕಂದಿನಲ್ಲಿ ಅವಳು ಪಂಢರಿಯನ್ನು ದಿನಕ್ಕೆ ಹತ್ತು ಸಲ ಕರೆಯುತ್ತಿದ್ದ ಹೆಸರು.

"ಆಕರ್ ಎಂದು ಕರೆದರೆ ನಿನಗೆ ಬೇಸರವಿಲ್ಲವೇ?" ಎಂದು ಕೇಳಿದರು.

"ಯಾರು ಕರೀತಾರೆ ಅನ್ನೋದರ ಮೇಲಿದೆ. ನನ್ನ ತಂಗಿ ದಿನಾ ಹಾಗೇ ಕರೀತಾಳೆ. ಅವಳು ಕರೆದರೆ ಊಟ ತಯಾರಾಗಿದೆ ಅಂತ ಅರ್ಥ. ಪ್ರೆಂಟಿಸ್ ಕರೆದರೆ ಎದ್ದು ಹೋಗು ಅಂತ ಅರ್ಥ." ಮರ್ವ್ ಕಾಲು ಚಾಚಿದ. "ನಿಮ್ಮ ದೇಶದಲ್ಲೂ ಇದ್ದಾರೆ. ಫ್ಯಾಕ್ಟರಿಯಲ್ಲಿ ನನಗೊಬ್ಬ ಗೆಳೆಯ ಸಿಕ್ಕಿದ್ದಾನೆ, ಮುಂಬಯಿ ಬಂದರಿನಿಂದ ನಮ್ಮ ಪೆಟ್ಟಿಗೆ ತರೋ ಲಾರಿಯವನು. ಅವನ ಮಾತು ನನಗೆ ತಿಳಿಯೋಲ್ಲ, ನನ್ನದು ಅವನಿಗೆ ತಿಳಿಯೋಲ್ಲ. ದಿನಾ ನನ್ನ ಅರ್ಧ ಡಬ್ಬಿ ಅವನೇ ಖಾಲಿ ಮಾಡೋದು. ಮೊದಲನೇ ದಿನ ಆ ಕೆಂಪು ಚಟ್ನಿ ನಾಲಿಗೆ ಮೇಲಿಟ್ಟುಕೊಂಡವನು ಸುಮ್ಮನಾಗಿಬಿಟ್ಟ. ಅಷ್ಟು ಗದ್ದಲದ ಮನುಷ್ಯ! ಆಮೇಲೆ ಬೆರಳಿಂದ ಡಬ್ಬಿ ಒರೆಸಿ ನೆಕ್ಕಿದ. ಈಗ ದಿನಾ ಡಬ್ಬಿ ತೆಗೆದ ಕೂಡಲೇ ಅದನ್ನೇ ತೋರಿಸಿ ಕೇಳ್ತಾನೆ, 'ಅಕ್ಕಾ? ಅಕ್ಕಾ?' ಅಂತ. ನಾನು ಹೌದು ಅಂತ ತಲೆ ಹಾಕ್ತೀನಿ. ಮಾಸ್ತರ್, ಅಕ್ಕಾ ಅಂದರೆ ಚಟ್ನೀನಾ?"

"ಅವನ ಹೆಸರೇನು?" ಎಂದರು ಮಾಸ್ತರರು.

"ಪ್ಯಾಂಡಿ ಅಂತೀನಿ ನಾನು. ಪೂರ್ತಿ ಹೆಸರು ನನ್ನ ಬಾಯಿಗೆ ಬರೋಲ್ಲ."

ಮಾಸ್ತರರು ಒಳಗೆ ಹೋಗಿ ಅಕ್ಕನಿಗೆ ಹೇಳಿದರು. ಹೇಗೆ ಹೇಳಬೇಕೆಂದು ತಿಳಿಯದೆ, "ಪಂಢರಿ ದಿನಾ ನಿನ್ನ ಕೈಯಿನ ರಂಜಕ ತಿನ್ಲಿಕ್ಕತ್ತಾನ" ಎಂದಷ್ಟೇ ಅಂದರು. ರಂಗೂಬಾಯಿ ಮೊದಲು ನಂಬಲಿಲ್ಲ. ನಂಬಿದ ಮೇಲೆ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಆಮೇಲೆ ತಮ್ಮನನ್ನು ಬಯ್ದಳು. "ಅದನ್ನೇನು ನಿಂತು ಹೇಳ್ತಿ? ನಾಳಿಗೆ ಡಬ್ಬಿ ಹಿಡಕೊಂಡು ಹೋಗು ನೀನ. ಅಂವ ಬರೋದಿಲ್ಲ. ಸಣ್ಣಾಂವ ಇದ್ದಾಗಿಂದನೂ ಅವಗ ಸಿಟ್ಟು ಬಂದ್ರ ತಾನಾಗಿ ಬರ್ತಿದ್ದಿಲ್ಲ, ಕರೀಲಿಕ್ಕೆ ಹೋಗಬೇಕಾಗ್ತಿತ್ತು."

ಮರುದಿನ ಸದಾಶಿವ ಪೇಠೆಯವರು ಒಂದು ನೋಟ ನೋಡಿದರು. ಬನಿಯನ್ ಹಾಕಿದ ಗೋರಾ ಬುಲೆಟ್ ನಡೆಸುತ್ತಿದ್ದ. ಹಿಂದೆ ಬಿಳಿ ಧೋತರ, ಕೋಟು, ಕರಿ ಟೊಪ್ಪಿಗೆಯ ಮಾಸ್ತರರು ಒಂದು ಕೈಯಿಂದ ಅವನ ಸೊಂಟ ಹಿಡಿದು, ಇನ್ನೊಂದು ಕೈಯಲ್ಲಿ ಒಂದರ ಮೇಲೊಂದು ನಾಲ್ಕು ಪುಡದ ದೊಡ್ಡ ಡಬ್ಬಿಯನ್ನು ಎದೆಗವಚಿ ಕೂತಿದ್ದರು. ಮುಂಬಯಿ ರಸ್ತೆಗೆ ಬರುವಷ್ಟರಲ್ಲಿ ಟೊಪ್ಪಿಗೆ ಹಾರಿಹೋಯಿತು. ಮರ್ವ್ ನಿಲ್ಲಿಸಲೇ ಎಂದು ಕೇಳಿದ. ಬೇಡ ಎಂದರು.

ಬೆಳಗೆಲ್ಲ ಅವರು ದಿಗಂಬರನ ಆಫೀಸಿನಲ್ಲಿ ಕಾದರು. ಊಟದ ಭೋಂಗಾ ಕೂಗಿದ ಮೇಲೆ ಮರ್ವ್ ಬಂದು ಅವರನ್ನು ಫ್ಯಾಕ್ಟರಿಯ ಹಿಂಬದಿಯ ಅಂಗಳಕ್ಕೆ ಕರೆದುಕೊಂಡು ಹೋದ. ದೊಡ್ಡ ಮರದ ಪೆಟ್ಟಿಗೆಗಳ ಆಚೆ ಒಂದು ಲಾರಿ ನಿಂತಿತ್ತು. ಅದರ ನೆರಳಿನಲ್ಲಿ ಹಮಾಲರು ಬುತ್ತಿ ಬಿಚ್ಚಿ ಕೂತಿದ್ದರು. ಎಲ್ಲರೂ ಗುಲ್ಬರ್ಗಾ, ಯಾದಗಿರಿ ಕಡೆಯವರು. ಅವರು ಮರ್ವ್‌ನನ್ನು ಮರೆಪ್ಪ ಎಂದು ಕರೆಯುತ್ತಿದ್ದರು. ಅವರ ನಡುವೆ, ಇತ್ತ ಬೆನ್ನು ಮಾಡಿ ಕೂತು ದೊಡ್ಡ ಗಂಟಲಿನಲ್ಲಿ ಮಾತಾಡುತ್ತಿದ್ದವನು ಪಂಢರಿನಾಥ. ಕೂದಲು ಅರ್ಧ ಬೆಳ್ಳಗಾಗಿತ್ತು. ದನಿ ಮಾತ್ರ ಹಾಗೇ ಇತ್ತು.

ಮಾಸ್ತರರು ಪೆಟ್ಟಿಗೆಯ ಮಗ್ಗುಲಲ್ಲಿ ನಿಂತರು.

"ಏ ಹುಸೇನಪ್ಪಾ, ನೀ ಏನ್ ಹೇಳ್ತಿ ಬಿಡು," ಎನ್ನುತ್ತಿದ್ದ ಪಂಢರಿ, "ಈ ಮರೆಪ್ಪಂದೂ ಒಂದು ಇಂಗ್ಲಿಷ್ ಏನು? ಇಂಗ್ಲಿಷ್ ಕೇಳ್ಬೇಕಂದ್ರ ನಮ್ಮಣ್ಣನ ಬಾಯಾಗ ಕೇಳ್ಬೇಕು! ಒಮ್ಮೆ ಅಂವ ಸಾಲ್ಯಾಗ ಪಾಠಾ ಹೇಳ್ಲಿಕ್ಕತ್ತಿದ್ದ. ನಾ ಹೊರಗ ಕಿಡಕ್ಯಾಗ ನಿಂತಿದ್ದೆ. ಒಂದು ಮಾತು ತಿಳೀಲಿಲ್ಲ ನನಗ, ಆದ್ರ ಹಾಂಗ ನಿಂತುಬಿಟ್ಟೆ, ಲಾರಿ ಮಾಲು ಇಳಸೋದು ಮರ್ತು! ಗಂಟಿ ಬಾರಿಸಿದ್ಹಂಗ, ಟಣ್ ಟಣ್ ಅಂತ ಒಂದೊಂದು ಅಕ್ಷರಾ! ವಿಲಾಯತಿ ಮಂದಿ ಬಂದ್ರೂ ಕೈಕಟ್ಟಿ ಕೇಳಬೇಕು ಅವನ್ನ."

"ಹಂಗಾರ ನಿಮ್ಮಣ್ಣಾರ ಮನಿಗಿ ಒಮ್ಮೆ ಕರಕೊಂಡು ಹೋಗ್ರಿ ನಮ್ಮನ್ನ" ಎಂದ ಹುಸೇನಪ್ಪ.

ಪಂಢರಿ ಭಕ್ಕರಿ ಮುರಿಯುತ್ತ, "ಹೋಗೋಣಂತ. ಅಂವ ಭಾಳ ಕೆಲಸದ ಗದ್ದಲದಾಗ ಇರ್ತಾನ" ಎಂದ.

ಅಷ್ಟರಲ್ಲಿ ಹುಸೇನಪ್ಪ ತಲೆಯೆತ್ತಿ ನೋಡಿದ. "ಯಾರ್ರಿ ಯಪ್ಪಾ? ಯಾರು ಬೇಕಾಗಿತ್ರಿ?"

ಪಂಢರಿ ತಿರುಗಿದ. ಅಣ್ಣನನ್ನು ಕಂಡವನೇ ದಡಬಡಿಸಿ ಎದ್ದು, ಬಾಯಲ್ಲಿದ್ದ ತುತ್ತನ್ನು ನುಂಗಲಾರದೆ ನಿಂತ. ದಟ್ಟ ಮೀಸೆಯ ಆ ದೊಡ್ಡ ಮನುಷ್ಯ ಪಕ್ಕದಲ್ಲಿದ್ದ ತಂಬಾಕಿನ ಚೀಲವನ್ನು ಕಾಲಿನಿಂದ ಲಾರಿಯ ಕೆಳಗೆ ಸರಿಸಿದ.

ಮಾಸ್ತರರು ಬರುವ ದಾರಿಯುದ್ದಕ್ಕೂ ಒಂದು ಮಾತು ಕಟ್ಟಿಕೊಂಡು ಬಂದಿದ್ದರು. ಒಳ್ಳೆಯ ಮಾತು, ತೂಕದ ಮಾತು. ಈಗ ಅದರ ತಲೆಬಾಲ ನೆನಪಾಗಲಿಲ್ಲ.

"ಅಕ್ಕ ಡಬ್ಬಿ ಕೊಟ್ಟಾಳ," ಎಂದರು. "ನನಗೂ ಹಸಿವ್ಯಾಗೇದ."

ಹಾಗೆಂದವರೇ ಬಿಳಿ ಧೋತರದಲ್ಲೇ ಮಣ್ಣಿನ ಮೇಲೆ ಕೂತುಬಿಟ್ಟರು. "ಏ ಅಣ್ಣಾ, ತಡಿ ತಡಿ, ಎಣ್ಣಿ ಚೆಲ್ಲೇದ ಅಲ್ಲೆ!" ಎಂದು ಪಂಢರಿ ತನ್ನ ಹೆಗಲ ಮೇಲಿನ ವಸ್ತ್ರ ತೆಗೆದು ಹಾಸಲು ಬಂದ. ತಡವಾಗಿತ್ತು. ಹಮಾಲರು ಸರಿದು ಜಾಗ ಮಾಡಿದರು. ಮರ್ವ್ ಇಬ್ಬರನ್ನೂ ನೋಡಿದ, ಡಬ್ಬಿಯನ್ನು ನೋಡಿದ. ಏನೋ ತಿಳಿದವನ ಹಾಗೆ, ಅವತ್ತೊಂದು ದಿನ ಬಾಯಿ ಮುಚ್ಚಿಕೊಂಡು ಕೂತ.

ಪಂಢರಿ ಒಂದು ಭಕ್ಕರಿ ಮುರಿದು ಅರ್ಧ ಅಣ್ಣನ ತಾಟಿಗೆ ಹಾಕಿದ.

"ಪಂಢರಿ," ಎಂದರು ಮಾಸ್ತರರು, ತಾಟಿನ ಮೇಲಿಂದ ಕಣ್ಣೆತ್ತದೆ, "ಗೋದಾನ ಲಗ್ನದಾಗ ನಾ ನಿನಗ ಅಂದ ಮಾತು... ಅನಬಾರದಾಗಿತ್ತು."

"ಯಾವ ಮಾತು?" ಎಂದ ಪಂಢರಿ.

"ಅವತ್ತು ಮೂಲ್ಯಾಗ ಕರದು ಅಂದೆ ಅಲ್ಲ."

"ಅದಾ? ಅದು ಇಂಗ್ಲಿಷಿನಾಗ ಅಂದಿದ್ದಿ ಅಣ್ಣಾ. ನನಗ ಇಂಗ್ಲಿಷ್ ಎಲ್ಲಿ ಬರ್ತದ?" ಪಂಢರಿ ಒಂದು ದೊಡ್ಡ ತುತ್ತನ್ನು ರಂಜಕದಲ್ಲಿ ಒತ್ತಿ ಬಾಯಿಗಿಟ್ಟುಕೊಂಡ. ಕಣ್ಣಲ್ಲಿ ನೀರು ಬಂತು. "ಅಕ್ಕ ಈ ಸಲ ಖಾರ ಜಾಸ್ತಿ ಮಾಡ್ಯಾಳ" ಎಂದ.

"ಹೌದು, ಭಾಳ ಆಗೇದ" ಎಂದರು ಮಾಸ್ತರರೂ, ಕೋಟಿನ ತೋಳಿನಿಂದ ಕಣ್ಣು ಒರೆಸಿಕೊಳ್ಳುತ್ತ.

ಮುಂದಿನ ಭಾನುವಾರ ಪಂಢರಿ ಮನೆಗೆ ಬಂದ, ಹೆಂಡತಿ ಮಕ್ಕಳನ್ನು ಕರೆದುಕೊಂಡು. ಲಾರಿ ಓಣಿಯಲ್ಲಿ ಹೊರಳದ್ದಕ್ಕೆ ಅರ್ಧ ತಾಸು ಹಾರ್ನ್ ಹೊಡೆದ. ವಾಡೆಯವರೆಲ್ಲ ಹೊರಗೆ ಬಂದರು. ರಂಗೂಬಾಯಿ ಬಾಗಿಲಲ್ಲಿ ನಿಂತು ಮನಸಾರೆ ಬಯ್ದಳು: ಅಕ್ಕ ಸತ್ತಾಳೋ ಇದ್ದಾಳೋ ಅಂತ ನೋಡ್ಲಿಕ್ಕೆ ಬರಲಾರದ ಉಡಾಳ, ಚಟ್ನಿ ನೆಕ್ಕಿ ಸಂಬಂಧಾ ಇಟಗೊಂಡಾಂವ, ಒಳಗ ಬಾ, ಕಾಲು ತೊಳಕೋ, ಎಷ್ಟು ಸೊರಗೀದಿ. ಅವನು ಕಿಂಚಿತ್ತೂ ಸೊರಗಿರಲಿಲ್ಲ. ಅಕ್ಕನ ಕಾಲಿಗೆ ಬಿದ್ದು, ಎದ್ದು, ಅವಳನ್ನೇ ಎತ್ತಿ ಒಂದು ಸುತ್ತು ಹಾಕಿಸಿದ. ಮಾಳಿಗೆಯಿಂದ ಮರ್ವ್ ಸಿಳ್ಳು ಹೊಡೆದ.

ಅಂದಿನಿಂದ ಭಾನುವಾರಗಳು ಬದಲಾದವು. ಪಂಢರಿ ಮತ್ತು ಮರ್ವ್ ಪಡಸಾಲೆಯಲ್ಲಿ ಇಸ್ಪೀಟು ಆಡುತ್ತಿದ್ದರು. ಒಬ್ಬ ಕನ್ನಡದಲ್ಲಿ ಮೋಸ ಮಾಡುತ್ತಿದ್ದ, ಇನ್ನೊಬ್ಬ ಇಂಗ್ಲಿಷಿನಲ್ಲಿ. ಮಾಸ್ತರರು ನಡುವೆ ಕೂತು ಇಬ್ಬರ ಬೈಗುಳವನ್ನೂ ಇನ್ನೊಬ್ಬನಿಗೆ ತಿಳಿಸುತ್ತಿದ್ದರು. ಮೊದಲು ಸ್ವಲ್ಪ ಸೋಸಿ ಹೇಳುತ್ತಿದ್ದರು. ಸೋಸಿದ್ದಕ್ಕೆ ರುಚಿಯಿಲ್ಲವೆಂದು ಇಬ್ಬರೂ ತಕರಾರು ಮಾಡಿದ ಮೇಲೆ ಇದ್ದದ್ದನ್ನು ಇದ್ದ ಹಾಗೇ ಹೇಳತೊಡಗಿದರು. ರಂಗೂಬಾಯಿ ಒಳಗಿನಿಂದ, "ಕಿಟ್ಟ್ಯಾ, ನಿನ್ನ ಬಾಯೂ ಕೆಟ್ಟತು!" ಎಂದು ಕೂಗುತ್ತಿದ್ದಳು. ಆ ಮಾತಿಗೆ ಅವರಿಗೆ ಯಾಕೋ ಸಂತೋಷವೇ ಆಗುತ್ತಿತ್ತು. ಒಂದು ಭಾನುವಾರ ಪ್ರೆಂಟಿಸ್ ಸಾಹೇಬರು ಮತ್ತೆ ಮಾತಾಡಲು ಬಂದರು. ಮಾಸ್ತರರು ಅವರನ್ನೂ ಆದರದಿಂದ ಕೂಡಿಸಿದರು. ಆದರೆ ಆಟ ರಂಗಿಗೆ ಬಂದಿತ್ತು. ಹವಾಮಾನದ ಮಾತು ಹೆಚ್ಚು ಬೆಳೆಯಲಿಲ್ಲ.

ಏಪ್ರಿಲ್ ತಿಂಗಳಲ್ಲಿ ಪ್ರೆಸ್ ಮಷಿನ್ ನಡೆಯಲು ಶುರುವಾಯಿತು. ಮರ್ವ್ ಹೊರಡುವ ಮುಂಚಿನ ಭಾನುವಾರ ಪಂಢರಿ ಎಲ್ಲರನ್ನೂ ಲಾರಿಯಲ್ಲಿ ಖಡಕವಾಸಲಾ ಕೆರೆಗೆ ಕರೆದುಕೊಂಡು ಹೋದ. ಹುಸೇನಪ್ಪ ಮತ್ತು ಅವನ ಜೊತೆಯವರೂ ಬಂದರು. ರಂಗೂಬಾಯಿ ಮುಂದೆ, ಡ್ರೈವರನ ಪಕ್ಕದಲ್ಲಿ ಗದ್ದುಗೆಗೆ ಕೂತ ಹಾಗೆ ಕೂತಳು. ಮಾಸ್ತರರಿಗೂ ಅಲ್ಲೇ ಜಾಗ ಇಟ್ಟಿದ್ದರು. ಅವರು ಒಲ್ಲೆನೆಂದು ಹಿಂದೆ ಹತ್ತಿ, ಹಮಾಲರ ನಡುವೆ ಹಗ್ಗ ಹಿಡಿದು ನಿಂತರು. ಊರು ದಾಟಿ ಬಯಲು ಬಂದಾಗ ಗಾಳಿ ಮುಖಕ್ಕೆ ಹೊಡೆಯಿತು. ಮರ್ವ್ ತಲೆ ಹಿಂದಕ್ಕೆ ಎಸೆದು ತನ್ನ ಕಡೆಯವರು ದನಗಳನ್ನು ಕೂಗಿ ಕರೆಯುವ ಹಾಗೆ ಒಂದು ಕೂಗು ಹಾಕಿದ. ಹಮಾಲರೂ ಕೂಗಿದರು. ಮಾಸ್ತರರು ಅತ್ತಿತ್ತ ನೋಡಿದರು. ಗುರುತಿನವರು ಯಾರೂ ಇರಲಿಲ್ಲ. ಇದ್ದರೂ ಇರಲಿ ಎಂದುಕೊಂಡು ಅವರೂ ಬಾಯಿ ತೆರೆದು ಕೂಗಿದರು. ಮೊದಲ ಸಲ ದನಿ ಸಣ್ಣಗೆ ಬಂತು, ಎರಡನೆಯ ಸಲ ಚೆನ್ನಾಗಿ ಬಂತು.

ಮುಂದೆ ಕೂತಿದ್ದ ರಂಗೂಬಾಯಿ, "ಯಾರೋ ಅದು ಹಾಂಗ ಒದರಾಂವ?" ಎಂದು ಕೇಳಿದಳು.

ಪಂಢರಿ ಕನ್ನಡಿಯಲ್ಲಿ ನೋಡಿ, "ಅಣ್ಣ" ಎಂದ.

"ಒದರಲಿ ಬಿಡು" ಎಂದಳು ಅವಳು.

ಕೆರೆಯ ದಂಡೆಯಲ್ಲಿ ಬುತ್ತಿ ಬಿಚ್ಚಿದರು. ಉಂಡಾದ ಮೇಲೆ ರಂಗೂಬಾಯಿ ಸೀರೆಯ ನಿರಿಗೆ ತುಸು ಎತ್ತಿ ಹಿಡಿದು ನೀರಿಗಿಳಿದು ಪಾದ ಮುಳುಗುವಷ್ಟು ದೂರ ಹೋಗಿ ನಿಂತಳು. ನೀರು ತಣ್ಣಗಿತ್ತು. ತಮ್ಮಂದಿರಿಬ್ಬರೂ ದಂಡೆಯ ಮೇಲೆ ಒಬ್ಬರಿಗೊಬ್ಬರು ಆತು ತೂಕಡಿಸುತ್ತಿದ್ದರು. ಅವಳು ಸ್ವಲ್ಪ ಹೊತ್ತು ಅವರನ್ನು ನೋಡಿದಳು. ಆಮೇಲೆ ಬಗ್ಗಿ ಬೊಗಸೆಯಲ್ಲಿ ನೀರು ತುಂಬಿಕೊಂಡು, ಸದ್ದು ಮಾಡದೆ ಅವರ ಕಡೆ ಹೆಜ್ಜೆ ಹಾಕಿದಳು.